ಒಂದೇ ಚೀಟಿ, ಎರಡು ಹಣ್ಣು: ಮಡಿಕೇರಿಯ ನಾರಂಗಿ ಮಾರ್ಮಲೇಡ್

ಮಡಿಕೇರಿ ಪೇಟೆಯಲ್ಲಿ ಜೇನು, ಕಾಳುಮೆಣಸು, ಏಲಕ್ಕಿ, ಕಾಫಿಪುಡಿ, ಕಾಚಂಪುಳಿ (ಅಡುಗೆಗೆ ಹಾಕುವ ಕಪ್ಪು ಹುಳಿ), ಮನೆಯಲ್ಲಿ ತಯಾರಿಸಿದ ವೈನು ಮತ್ತು ಚಾಕೊಲೇಟು ಮಾರುವ ಅಂಗಡಿಗಳಿಗೆ ಕೊರತೆಯಿಲ್ಲ. ಅವುಗಳ ನಡುವೆ, ತನ್ನದೇ ಅಡುಗೆಮನೆಯಲ್ಲಿ ಹಣ್ಣು ಬೇಯಿಸಿ ಬಾಟಲಿಗೆ ತುಂಬುವ ಚಿಕ್ಕ ಅಂಗಡಿಯೊಂದರ ಮಾರ್ಮಲೇಡ್, ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಬೇಯಿಸಿದ ಪಾಕದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ತಾಯಿ ಮತ್ತು ಮಗಳು ನಡೆಸುವ ಈ ಅಂಗಡಿಯಲ್ಲಿ ಚಳಿಗಾಲದ ಹಣ್ಣು ಮುಗಿಯುವವರೆಗೆ ಮಾತ್ರ ಹೊಸ ಸರಕು ಸಿಗುತ್ತದೆ. ಮಳೆಗಾಲಕ್ಕೆ ಕಪಾಟು ಖಾಲಿಯಾಗುತ್ತದೆ. ಪದಾರ್ಥ ಬಹಳ ಒಳ್ಳೆಯದು. ಆದರೆ ಅದರ ಮೇಲೆ ಅಂಟಿಸಿದ ಚೀಟಿಯಲ್ಲಿರುವ 'ನಾರಂಗಿ' ಎಂಬ ಒಂದು ಪದ ಕೊಳ್ಳುವವರನ್ನು ದಾರಿ ತಪ್ಪಿಸುತ್ತದೆ. ಆ ಪದ ಬಂದ ದಾರಿ ಬಲು ಉದ್ದದ್ದು, ಅದನ್ನು ತಿಳಿದುಕೊಂಡರೆ ಯಾವ ಬಾಟಲಿ ಕೊಳ್ಳಬೇಕೆಂಬುದೂ ಸ್ಪಷ್ಟವಾಗುತ್ತದೆ ಎಂಬ ಕಾರಣಕ್ಕೆ ಈ ವಿಮರ್ಶೆ ಸ್ವಲ್ಪ ವಿಸ್ತಾರವಾಗಿದೆ.

ಕಪಾಟಿನಲ್ಲಿ ಅಕ್ಕಪಕ್ಕ ಎರಡು ಬಗೆಯ ಬಾಟಲಿಗಳಿವೆ. ಎರಡರ ಮೇಲೂ ದೊಡ್ಡ ಅಕ್ಷರಗಳಲ್ಲಿ 'ನಾರಂಗಿ ಮಾರ್ಮಲೇಡ್' ಎಂದೇ ಬರೆದಿದೆ. ಒಂದಕ್ಕೆ ಹಸಿರು ಮುಚ್ಚಳ, ಇನ್ನೊಂದಕ್ಕೆ ಹಳದಿ ಮುಚ್ಚಳ. ಹಿಂಬದಿಯಲ್ಲಿ ಒಳಗೇನಿದೆಯೆಂದು ಹೇಳುವ ಜಾಗದಲ್ಲಿ 'ಹಣ್ಣು, ಸಕ್ಕರೆ, ನಿಂಬೆರಸ' ಎಂದಿದೆಯೇ ಹೊರತು ಯಾವ ಹಣ್ಣು ಎಂಬುದಿಲ್ಲ. ವಾಸ್ತವದಲ್ಲಿ ಹಸಿರು ಮುಚ್ಚಳದ ಬಾಟಲಿಯಲ್ಲಿರುವುದು ಕೈಪುಳಿ, ಅಂದರೆ ಕೊಡಗಿನ ಮನೆಗಳ ಹಿತ್ತಲಿನಲ್ಲೂ ತೋಟದ ಅಂಚಿನಲ್ಲೂ ಬೆಳೆಯುವ ಕಹಿ ಕಿತ್ತಳೆ. ಹಳದಿ ಮುಚ್ಚಳದ್ದರಲ್ಲಿರುವುದು ಕಾಫಿ ತೋಟದೊಳಗೆ ಬೆಳೆಯುವ, ಸುಲಿದು ತಿನ್ನುವ ಕೊಡಗಿನ ಕಿತ್ತಳೆ. ಇವು ಒಂದೇ ಹಣ್ಣಿನ ಎರಡು ರುಚಿಗಳಲ್ಲ, ಬೇರೆ ಬೇರೆ ಹಣ್ಣುಗಳು.

ಮೊದಲು ಹಸಿರು ಮುಚ್ಚಳದ್ದು. ಬಾಟಲಿಯನ್ನು ಬೆಳಕಿಗೆ ಹಿಡಿದರೆ ಸಿಪ್ಪೆಯ ತೆಳು ಎಳೆಗಳು ಒಂದಕ್ಕೊಂದು ಅಂಟದೆ ಮೇಲಿಂದ ಕೆಳಗಿನವರೆಗೆ ಸಮವಾಗಿ ಹರಡಿಕೊಂಡಿರುವುದು ಕಾಣುತ್ತದೆ. ಇದು ಸಣ್ಣ ಸಂಗತಿಯಲ್ಲ. ಪಾಕ ಸ್ವಲ್ಪ ಆರುವವರೆಗೆ ಕಾಯದೆ ಬಿಸಿಬಿಸಿಯಾಗಿ ತುಂಬಿಬಿಟ್ಟರೆ ಸಿಪ್ಪೆಯೆಲ್ಲ ಮೇಲೆ ತೇಲಿ ಕೆಳಗೆ ಬರೀ ಪಾಕ ಉಳಿಯುತ್ತದೆ. ಚಮಚದಲ್ಲಿ ತೆಗೆದರೆ ಹರಿಯುವುದಿಲ್ಲ, ಗಟ್ಟಿಯಾಗಿ ಮುರಿಯುವುದೂ ಇಲ್ಲ, ನಿಧಾನವಾಗಿ ಅಲುಗುತ್ತದೆ. ನಾಲಿಗೆಗೆ ಮೊದಲು ಸಿಹಿ ತಾಕುತ್ತದೆ, ಅದರ ಹಿಂದೆಯೇ ಹುಳಿ ಬರುತ್ತದೆ, ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿದಾಗ ಅದರ ಎಣ್ಣೆಯ ಪರಿಮಳ ಮೂಗಿಗೇರುತ್ತದೆ, ಇಷ್ಟೆಲ್ಲ ಆದ ಮೇಲೆ ಕಹಿ ಬಂದು ಬಹಳ ಹೊತ್ತು ನಿಲ್ಲುತ್ತದೆ. ಆ ಕಹಿಯಿಂದಾಗಿಯೇ ಸಕ್ಕರೆ ಮುಖಕ್ಕೆ ಹೊಡೆಯುವುದಿಲ್ಲ. ಬ್ರೆಡ್ಡಿಗಿಂತ ಇದು ಬಿಸಿ ಅಕ್ಕಿರೊಟ್ಟಿಗೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ರೊಟ್ಟಿಯ ಸಪ್ಪೆ ಈ ಮೂರು ರುಚಿಗಳಿಗೂ ಜಾಗ ಕೊಡುತ್ತದೆ. ಕಾಚಂಪುಳಿ ಹಾಕಿದ ಪಂದಿಕರಿಯ ಪಕ್ಕದಲ್ಲಿ ಅರ್ಧ ಚಮಚ ಇಟ್ಟುಕೊಂಡರೂ ಚೆನ್ನಾಗಿರುತ್ತದೆ. ಬೆಲ್ಲ, ಶುಂಠಿ, ಹಸಿಮೆಣಸು ಸೇರಿಸಿ ಮಾಡುವ ಕೈಪುಳಿ ಪಜ್ಜಿಯನ್ನು ಉಂಡು ಬೆಳೆದವರಿಗೆ ಈ ರುಚಿಯ ಪರಿಚಯ ಹೊಸದಾಗಿ ಮಾಡಿಕೊಡಬೇಕಿಲ್ಲ.

ಹಳದಿ ಮುಚ್ಚಳದ್ದು ಸೌಮ್ಯವಾಗಿದೆ. ಬಣ್ಣ ತಿಳಿ, ಸಿಪ್ಪೆ ಮೆತ್ತಗೆ, ಪರಿಮಳ ಚೆನ್ನಾಗಿದೆ. ಆದರೆ ತಿಂದ ಮೇಲೆ ನೆನಪಿನಲ್ಲಿ ಉಳಿಯುವುದು ಮುಖ್ಯವಾಗಿ ಸಿಹಿ. ಕಿತ್ತಳೆಯ ರಸದಲ್ಲಿರುವ ನವಿರಾದ ಹುಳಿ ಸಕ್ಕರೆಯ ಜೊತೆ ಅಷ್ಟು ಹೊತ್ತು ಕುದಿಯುವಾಗ ಕಳೆದುಹೋಗುತ್ತದೆ, ಅದನ್ನು ತುಂಬಲು ಹಾಕಿದ ನಿಂಬೆರಸ ಬೇರೆಯಾಗಿಯೇ ಕೇಳಿಸುತ್ತದೆ. ಪಾಕವೂ ಸ್ವಲ್ಪ ಸಡಿಲ. ಮಕ್ಕಳಿರುವ ಮನೆಗೆ ಇದು ಆಗಬಹುದು. ಆದರೆ ಇದನ್ನು ಮಾರ್ಮಲೇಡ್ ಅನ್ನುವುದಕ್ಕಿಂತ ಕಿತ್ತಳೆ ಜಾಮ್ ಅನ್ನುವುದು ಸರಿಯಾದೀತು.

ಈಗ ಚೀಟಿಯ ವಿಷಯ. ನಾನು ಹಸಿರು ಮುಚ್ಚಳದ ಬಾಟಲಿಯನ್ನು ಕೈಗೆತ್ತಿಕೊಂಡಾಗ ಗಲ್ಲಾದಲ್ಲಿದ್ದ ಮಗಳು, "ಅಕ್ಕ, ಅದು ತಿನ್ನುವ ಕಿತ್ತಳೆದಲ್ಲ, ಕೈಪುಳಿದು. ಕಹಿ ಉಂಟು, ಆದೀತಲ್ಲ?" ಎಂದು ಕೇಳಿದರು. ಪ್ರತಿಯೊಬ್ಬರಿಗೂ ಹೀಗೆ ಬಾಯಲ್ಲಿ ಹೇಳುತ್ತಾರಂತೆ. ಹೇಳದಿದ್ದರೆ ಮರುದಿನ ಬಾಟಲಿ ವಾಪಸು ತರುವವರೂ ಇದ್ದಾರಂತೆ. ಅಂಗಡಿಯಲ್ಲಿ ಜನಸಂದಣಿ ಇರುವ ಶನಿವಾರ, ಭಾನುವಾರಗಳಲ್ಲಿ ಒಬ್ಬೊಬ್ಬರಿಗೂ ಹೀಗೆ ವಿವರಿಸುವುದು ಕಷ್ಟ. ತೊಂದರೆಯ ಮೂಲ ಇರುವುದು ಗಿರಾಕಿಗಳ ಅರಿವಿನಲ್ಲಲ್ಲ. ಮಡಿಕೇರಿಗೆ ಬರುವವರು ಹತ್ತಾರು ಭಾಷೆಗಳವರು, ಅವರಲ್ಲಿ ಪ್ರತಿಯೊಬ್ಬರೂ ನಾರಂಗಿ ಎಂಬ ಪದವನ್ನು ತಮ್ಮ ಭಾಷೆಯ ಹಣ್ಣಾಗಿ ಓದಿಕೊಳ್ಳುತ್ತಾರೆ, ಆ ಹಣ್ಣುಗಳು ಒಂದೇ ಅಲ್ಲ.

ಹತ್ತಿರದವರಿಂದ ಶುರುಮಾಡೋಣ. ವಿರಾಜಪೇಟೆಯಿಂದ ಮಾಕುಟ್ಟದ ಘಾಟಿ ಇಳಿದು ಇರಿಟ್ಟಿ ತಲುಪಿ ಯಾವುದಾದರೂ ಸಣ್ಣ ಹೋಟೆಲಿನಲ್ಲಿ 'ನಾರಂಙಾ ವೆಳ್ಳಂ' ಕೇಳಿದರೆ ಬರುವುದು ನಿಂಬೆ ಶರಬತ್ತು. ಮಲಯಾಳದಲ್ಲಿ ನಾರಂಙ ಎಂಬುದು ಇಡೀ ಕುಲದ ಹೆಸರು. ಅದರ ಹಿಂದೆ ಒಂದು ವಿಶೇಷಣ ಸೇರಿದಾಗಲೇ ಹಣ್ಣು ಯಾವುದೆಂದು ಗೊತ್ತಾಗುವುದು. ಚೆರುನಾರಂಙ ಎಂದರೆ ನಿಂಬೆ, ಮಧುರನಾರಂಙ ಎಂದರೆ ಕಿತ್ತಳೆ, ವಡುಕಪ್ಪುಳಿ ನಾರಂಙ ಎಂದರೆ ಓಣಂ ಊಟದ ಎಲೆಯಲ್ಲಿ ಉಪ್ಪಿನಕಾಯಿಯಾಗಿ ಬರುವ ದಪ್ಪ ಸಿಪ್ಪೆಯ ಹುಳಿಹಣ್ಣು. ವಿಶೇಷಣವೇ ಇಲ್ಲದ ನಾರಂಙ ಸಾಮಾನ್ಯ ಮಾತಿನಲ್ಲಿ ನಿಂಬೆಯ ಕಡೆಗೇ ವಾಲುತ್ತದೆ. ಹೀಗಾಗಿ ಕಣ್ಣೂರಿನಿಂದ ಬಂದವರು ಈ ಚೀಟಿಯನ್ನು ನೋಡಿ ನಿಂಬೆಯ ಉಪ್ಪಿನಕಾಯಿಯ ಸಿಹಿ ರೂಪವೇ ಇದು ಎಂದುಕೊಂಡರೆ ತಪ್ಪು ಅವರದ್ದಲ್ಲ.

ತಮಿಳಿನಲ್ಲಿ ಅದೇ ಮೂಲದ ನಾರ್ತಂಗಾಯ್ ಎಂಬುದು ದೊಡ್ಡ ಗಾತ್ರದ, ಒರಟು ಸಿಪ್ಪೆಯ, ಹುಳಿಯೂ ಕಹಿಯೂ ಆದ ಕಾಯಿ. ಅದನ್ನು ಸುರುಳಿಯಾಗಿ ಕೊಯ್ದು, ಉಪ್ಪು ತುಂಬಿ, ಬಿಸಿಲಿಗೆ ಒಣಗಿಸಿ ಮೊಸರನ್ನಕ್ಕೆ ನಂಚಿಕೊಳ್ಳುತ್ತಾರೆ. ಅದು ಸುಲಿದು ತಿನ್ನುವ ಹಣ್ಣೇ ಅಲ್ಲ. ನಮ್ಮಲ್ಲಿ ಹೆರಳೆಕಾಯಿ ಮಾಡುವ ಕೆಲಸವನ್ನು ಅಲ್ಲಿ ಅದು ಮಾಡುತ್ತದೆ ಎನ್ನಬಹುದು. ತೆಲುಗಿನ ನಾರಿಂಜ ಮಾತ್ರ ನೇರವಾಗಿ ಕಿತ್ತಳೆಯ ಗುಂಪಿನ ಹಣ್ಣು, ಜೊತೆಗೆ ಬಣ್ಣದ ಹೆಸರೂ ಹೌದು. ಹಿಂದಿಯ ನಾರಂಗಿ ಮತ್ತು ಮರಾಠಿಯ ನಾರಿಂಗ ಕೂಡ ಕಿತ್ತಳೆಯೇ. ಆದರೆ ಉತ್ತರದ ಪ್ರವಾಸಿಗಳ ಕಣ್ಣಮುಂದೆ ಬರುವುದು ನಾಗಪುರದ ಸಂತ್ರ, ಸಡಿಲ ಸಿಪ್ಪೆಯ ಸಿಹಿ ಹಣ್ಣು. ಕನ್ನಡದಲ್ಲಿ ನಾರಂಗಿ ಎಂಬುದು ಪುಸ್ತಕದಲ್ಲಿ, ಸೀರೆ ಅಂಗಡಿಯಲ್ಲಿ ಬಣ್ಣವಾಗಿ ಬಳಕೆಯಲ್ಲಿದೆ. ಸಂತೆಯಲ್ಲಿ ಯಾರೂ ನಾರಂಗಿ ಕೊಡಿ ಎನ್ನುವುದಿಲ್ಲ, ಕಿತ್ತಳೆ ಎನ್ನುತ್ತಾರೆ. ಹುಳಿ ಜಾತಿಯ ಹಣ್ಣುಗಳಿಗೆ ನಮ್ಮಲ್ಲಿ ಒಂದೇ ಕುಲನಾಮ ಇಲ್ಲ. ನಿಂಬೆ, ಗಜನಿಂಬೆ, ಹೆರಳೆ, ಕಂಚಿ, ಮಾದಳ, ಚಕ್ಕೋತ, ಕಿತ್ತಳೆ ಎಂದು ಒಂದೊಂದಕ್ಕೂ ಬೇರೆ ಹೆಸರಿದೆ. ಮೂಸಂಬಿಗಂತೂ ಆಫ್ರಿಕಾದ ಮೊಜಾಂಬಿಕ್‌ನ ಹೆಸರೇ ಬಂದು ಸೇರಿಕೊಂಡಿದೆ.

ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಈ ಗೊಂದಲವೇ ಇಲ್ಲ. ಕೈಪುಳಿ ಎಂಬ ಹೆಸರಿನಲ್ಲಿ ಹಳಗನ್ನಡದ ಕಯ್ಪೂ ಪುಳಿಯೂ ಎರಡೂ ಕೇಳಿಸುತ್ತವೆ. ನಾವು ಹುಳಿ ಎಂದು ಬದಲಾಯಿಸಿಕೊಂಡದ್ದನ್ನು ಅಲ್ಲಿ ಪುಳಿ ಎಂದೇ ಉಳಿಸಿಕೊಂಡಿದ್ದಾರೆ, ಕಾಚಂಪುಳಿಯಲ್ಲೂ ಅದೇ ಪುಳಿ ಇದೆ. ಹಣ್ಣಿನ ರುಚಿಯನ್ನು ಇಷ್ಟು ಸಂಕ್ಷೇಪವಾಗಿ ಹೇಳುವ ಹೆಸರನ್ನು ಬಿಟ್ಟು, ಆ ಅಂಗಡಿಯವರು ಎಲ್ಲರಿಗೂ ತಿಳಿಯಲಿ ಎಂದು ನಾರಂಗಿಯನ್ನು ಆರಿಸಿಕೊಂಡರು. ಎಲ್ಲರಿಗೂ ತಿಳಿಯಿತು, ಬೇರೆ ಬೇರೆಯಾಗಿ.

ಆದರೂ ಆ ಆಯ್ಕೆಯನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಎರಡು ಬಾಟಲಿಗಳ ಪೈಕಿ ಒಂದರ ಮೇಲೆ ಆ ಪದ ನ್ಯಾಯವಾಗಿಯೇ ಕುಳಿತಿದೆ. ಅದು ಹೇಗೆಂದು ತಿಳಿಯಲು ಪದದ ಪ್ರಯಾಣವನ್ನು ನೋಡಬೇಕು. ಸಂಸ್ಕೃತದಲ್ಲಿ ನಾರಂಗ, ನಾಗರಂಗ ಎಂಬ ರೂಪಗಳಿವೆ. ಸಂಸ್ಕೃತಕ್ಕೆ ಇದು ದ್ರಾವಿಡ ಭಾಷೆಯೊಂದರಿಂದ ಬಂದದ್ದು ಎಂಬುದು ಹಲವು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಮಲಯಾಳದ ನಾರಂಙ, ನಾರಕಂ, ತಮಿಳಿನ ನಾರ್ತಂ ಆ ಕಡೆಗೇ ಬೆರಳು ತೋರಿಸುತ್ತವೆ. ಅವರಲ್ಲಿ ಕೆಲವರು ಇದರ ಬೇರನ್ನು ವಾಸನೆ ಬೀರುವುದು ಎಂಬ ಅರ್ಥದ 'ನಾರು' ಧಾತುವಿನಲ್ಲಿ ಕಾಣುತ್ತಾರೆ. ಇಂದಿನ ಕನ್ನಡದಲ್ಲಿ ನಾರುವುದೆಂದರೆ ಕೆಟ್ಟ ವಾಸನೆಯೇ. ಆದರೆ ಹಿಂದೆ ಅದಕ್ಕೆ ಪರಿಮಳ ಬೀರುವ ಅರ್ಥವೂ ಇತ್ತು. ತಮಿಳಿನ ನಾಟ್ರಂ ಎಂಬ ಪದವೂ ಹೀಗೆಯೇ ಸುವಾಸನೆಯಿಂದ ದುರ್ವಾಸನೆಗೆ ಇಳಿದಿದೆ. ಕೈಪುಳಿಯ ಸಿಪ್ಪೆಯನ್ನು ಉಗುರಿನಿಂದ ಗೀರಿ ಮೂಸಿದವರಿಗೆ ಈ ವ್ಯುತ್ಪತ್ತಿ ಒಪ್ಪಿಗೆಯಾಗದೆ ಇರದು.

ಸಂಸ್ಕೃತದಿಂದ ಪದ ಪರ್ಷಿಯನ್ನಿಗೆ ಹೋಯಿತು, ಅಲ್ಲಿಂದ ಅರಬ್ಬಿಗೆ ಹೋಗಿ ನಾರಂಜ್ ಆಯಿತು. ಪದದ ಜೊತೆ ಹಣ್ಣೂ ಹೋಯಿತು, ಮತ್ತು ಆ ಹಣ್ಣು ಕಹಿ ಕಿತ್ತಳೆ. ಅರಬರು ಅದನ್ನು ಸುಮಾರು 10, 11ನೆಯ ಶತಮಾನಗಳ ಹೊತ್ತಿಗೆ ಸಿಸಿಲಿಗೂ ಸ್ಪೇನಿಗೂ ಒಯ್ದರು. ಸ್ಪೇನಿನಲ್ಲಿ ಪದ ನರಾಂಹ ಆಯಿತು, ಪೋರ್ಚುಗಲ್ಲಿನಲ್ಲಿ ಲರಾಂಜ ಆಯಿತು, ಇಟಲಿಯಲ್ಲಿ ಮೊದಲ ನಕಾರ ಉದುರಿ ಅರಾಂಚ ಆಯಿತು. ಆ ಭಾಷೆಯಲ್ಲಿ ಒಂದು ಎಂಬ ಅರ್ಥದ ಪದದ ಕೊನೆಯಲ್ಲೂ ನಕಾರವೇ ಇರುವುದರಿಂದ ಹಣ್ಣಿನ ನಕಾರ ಅದರೊಳಗೆ ಕರಗಿಹೋಯಿತು. ಫ್ರೆಂಚಿಗೆ ಬಂದಾಗ, ಚಿನ್ನಕ್ಕೆ ಅಲ್ಲಿ 'ಓರ್' ಎನ್ನುತ್ತಾರಾದ್ದರಿಂದ, ಚಿನ್ನದ ಬಣ್ಣದ ಹಣ್ಣಿನ ಮೊದಲ ಅಕ್ಷರ ಓಕಾರಕ್ಕೆ ತಿರುಗಿತು. ಅಲ್ಲಿಂದ ಇಂಗ್ಲಿಷಿನ ಆರೆಂಜ್. ಯೂರೋಪಿನ ಈ ಎಲ್ಲ ಹೆಸರುಗಳೂ ಮೊದಮೊದಲು ಸೂಚಿಸುತ್ತಿದ್ದುದು ಕಹಿ ಹಣ್ಣನ್ನೇ, ಏಕೆಂದರೆ ಅವರಿಗೆ ಬೇರೆ ಕಿತ್ತಳೆಯ ಪರಿಚಯವೇ ಇರಲಿಲ್ಲ.

ಸಿಹಿ ಕಿತ್ತಳೆ ಯೂರೋಪಿನಲ್ಲಿ ಹರಡಿದ್ದು 15, 16ನೆಯ ಶತಮಾನಗಳಲ್ಲಿ, ಅದರಲ್ಲೂ ಪೋರ್ಚುಗೀಸರ ಹಡಗು ವ್ಯಾಪಾರದಿಂದ. ಆಗ ಭಾಷೆಗಳು ಎರಡು ದಾರಿ ಹಿಡಿದವು. ಪಶ್ಚಿಮ ಯೂರೋಪು ಹಳೆಯ ಹೆಸರನ್ನು ಹೊಸ ಹಣ್ಣಿಗೆ ಕೊಟ್ಟು, ಹಳೆಯ ಹಣ್ಣಿಗೆ ಕಹಿ ಎಂಬ ವಿಶೇಷಣ ಅಂಟಿಸಿತು. ಪೂರ್ವದ ಭಾಷೆಗಳು ಹೀಗೆ ಮಾಡಲಿಲ್ಲ. ಹಳೆಯ ಹಣ್ಣಿಗೆ ಹಳೆಯ ಹೆಸರನ್ನೇ ಉಳಿಸಿ, ಹೊಸ ಹಣ್ಣನ್ನು ತಂದವರ ದೇಶದ ಹೆಸರಿನಿಂದ ಕರೆದವು. ಹೀಗಾಗಿ ಪರ್ಷಿಯನ್ನಿನಲ್ಲಿ ಇಂದಿಗೂ ನಾರೆಂಜ್ ಎಂದರೆ ಕಹಿ ಕಿತ್ತಳೆ, ಪೊರ್ತೆಘಾಲ್ ಎಂದರೆ ಸಿಹಿ ಕಿತ್ತಳೆ. ಅರಬ್ಬಿಯಲ್ಲಿ ನಾರಂಜ್ ಮತ್ತು ಬುರ್ತುಕಾಲ್, ಗ್ರೀಕಿನಲ್ಲಿ ನೆರಾಂಜಿ ಮತ್ತು ಪೊರ್ಟೊಕಾಲಿ ಎಂಬ ಇದೇ ಜೋಡಿ ಇದೆ. ಟರ್ಕಿಯವರು ತಿನ್ನುವ ಹಣ್ಣನ್ನು ಪೊರ್ತಕಾಲ್ ಎನ್ನುತ್ತಾರೆ. ನಾರಂಜ್‌ನಿಂದ ಹುಟ್ಟಿದ ನರೆಂಜಿಯೆ ಎಂಬ ಪದವನ್ನು ನಿಂಬೆ, ಕಿತ್ತಳೆ ಎಲ್ಲ ಸೇರಿದ ಇಡೀ ಗುಂಪಿಗೆ ಬಳಸುತ್ತಾರೆ. ಅಂದರೆ ಮಲಯಾಳಿಗಳ ನಾರಂಙದಂತೆಯೇ ಅಲ್ಲಿಯೂ ಅದು ಕುಲನಾಮ. ಇಥಿಯೋಪಿಯದ ಅಮ್ಹಾರಿಕ್ ಭಾಷೆಯ ಬಿರ್ತುಕಾನ್ ಕೂಡ ಪೋರ್ಚುಗಲ್ಲನ್ನೇ ನೆನೆಯುತ್ತದೆ. ಪೋರ್ಚುಗೀಸರು ಮಾತ್ರ ತಮ್ಮ ದೇಶದ ಹೆಸರಿನ ಹಣ್ಣನ್ನು ಲರಾಂಜ ಎಂದು ನಮ್ಮ ಕಡೆಯ ಹೆಸರಿನಿಂದಲೇ ಕರೆಯುತ್ತಾರೆ. ಉತ್ತರ ಯೂರೋಪಿನ ಡಚ್ಚರು ಸಿನಾಸಾಪಲ್, ಜರ್ಮನರಲ್ಲಿ ಕೆಲವರು ಆಪ್ಫೆಲ್‌ಸೀನೆ, ರಷ್ಯನ್ನರು ಅಪೆಲ್ಸಿನ್ ಎನ್ನುತ್ತಾರೆ. ಮೂರರ ಅರ್ಥವೂ ಚೀನಾದ ಸೇಬು.

ಡಚ್ಚರ ಕ್ರೀಡಾಪಟುಗಳು ತೊಡುವ ಬಣ್ಣ ಮಾತ್ರ ಓರಾನ್ಯೆ. ಅದಕ್ಕೆ ಕಾರಣ ಹಣ್ಣಲ್ಲ, ದಕ್ಷಿಣ ಫ್ರಾನ್ಸಿನ ಒರಾಂಜ್ ಎಂಬ ಪಟ್ಟಣ. ಆ ಪಟ್ಟಣದ ಹಳೆಯ ಹೆಸರು ಅರಾಉಸಿಯೊ. ಅದು ಕೆಲ್ಟಿಕ್ ಮೂಲದ್ದು, ನಮ್ಮ ನಾರಂಗಿಗೂ ಅದಕ್ಕೂ ಹುಟ್ಟಿನ ಸಂಬಂಧ ಇಲ್ಲ, ಉಚ್ಚಾರ ಸವೆದು ಎರಡೂ ಒಂದೇ ರೂಪಕ್ಕೆ ಬಂದು ನಿಂತವು. 1544ರಲ್ಲಿ ಆ ಸಂಸ್ಥಾನ ವಿಲಿಯಂ ಎಂಬ ರಾಜಕುಮಾರನ ಪಾಲಿಗೆ ಬಂದದ್ದರಿಂದ ಡಚ್ ರಾಜಮನೆತನಕ್ಕೆ ಆ ಹೆಸರೂ ಮುಂದೆ ಆ ಬಣ್ಣವೂ ಅಂಟಿಕೊಂಡವು. ಇಂಗ್ಲಿಷಿನಲ್ಲಂತೂ ಬಣ್ಣಕ್ಕೆ ಈ ಹೆಸರು ಬಂದದ್ದು 16ನೆಯ ಶತಮಾನದಲ್ಲಿ, ಹಣ್ಣು ಬಂದು ಎಷ್ಟೋ ಕಾಲದ ಮೇಲೆ. ಅದಕ್ಕೆ ಮೊದಲು ಹಳದಿಗೆಂಪು ಎಂಬಂಥ ಮಾತಿನಿಂದ ಕೆಲಸ ಸಾಗಿಸುತ್ತಿದ್ದರು. ನಮಗೆ ಕಾವಿ, ಕೇಸರಿ ಎಂಬ ಹೆಸರುಗಳೂ ಇದ್ದುದರಿಂದ ಬಣ್ಣಕ್ಕಾಗಿ ಹಣ್ಣಿನ ಹೆಸರೊಂದನ್ನೇ ನೆಚ್ಚಿಕೊಳ್ಳಬೇಕಾಗಲಿಲ್ಲ.

ಇಷ್ಟು ತಿಳಿದ ಮೇಲೆ ಹಸಿರು ಮುಚ್ಚಳದ ಬಾಟಲಿಯನ್ನು ನೋಡಿದರೆ, ನಾರಂಗಿ ಎಂಬ ಹೆಸರು ಕೈಪುಳಿಗೆ ಕಿತ್ತಳೆಗಿಂತ ಹೆಚ್ಚು ಸಲ್ಲುತ್ತದೆ ಎಂದು ಹೇಳಲೇಬೇಕು. ಭಾರತದಿಂದ ಹೊರಟ ಪದ ಯಾವ ಹಣ್ಣನ್ನು ಹೊತ್ತು ಪರ್ಷಿಯಾ, ಅರೇಬಿಯಾ, ಸ್ಪೇನ್ ದಾಟಿತೋ ಆ ಗುಂಪಿನ ಹಣ್ಣು ಇದು. ರಸಾಯನಶಾಸ್ತ್ರವೂ ಇದಕ್ಕೆ ಸಾಕ್ಷಿ ಹೇಳುತ್ತದೆ: ಈ ಜಾತಿಯ ಹಣ್ಣುಗಳಿಗೆ ಕಹಿ ಕೊಡುವ ಮುಖ್ಯ ವಸ್ತುಗಳಲ್ಲಿ ಒಂದರ ಹೆಸರು ನಾರಿಂಜಿನ್, ಆ ಹೆಸರನ್ನು ಕಟ್ಟಿದ್ದು ನಾರಂಗಿಯಿಂದಲೇ. ವಿಜ್ಞಾನದ ಭಾಷೆಯಲ್ಲಿ ಕಹಿಗೇ ನಾರಂಗಿಯ ಹೆಸರು ನಿಂತಿರುವಾಗ, ಸಿಹಿ ಕಿತ್ತಳೆಯ ಬಾಟಲಿಗೂ ಅದೇ ಚೀಟಿ ಅಂಟಿಸುವುದು ಸರಿಯಲ್ಲ.

ಚೀಟಿಯ ಎರಡನೆಯ ಪದಕ್ಕೂ ಇಂಥದೇ ಕಥೆ ಇದೆ, ಆದರೆ ಚಿಕ್ಕದು. ಮಾರ್ಮಲೇಡ್ ಪೋರ್ಚುಗೀಸಿನ ಮರ್ಮೆಲಾದದಿಂದ ಬಂದದ್ದು. ಮರ್ಮೆಲು ಎಂದರೆ ಕ್ವಿನ್ಸ್ ಎಂಬ ಒಗರು ಹಣ್ಣು, ಸೇಬು ಮತ್ತು ಮರಸೇಬಿನ ನೆಂಟ; ಆ ಪದದ ಬುಡದಲ್ಲಿರುವ ಗ್ರೀಕಿನ ಮೆಲಿಮೆಲೊನ್‌ಗೆ ಜೇನುಸೇಬು ಎಂದರ್ಥ. ಪೋರ್ಚುಗಲ್ಲಿನಲ್ಲಿ ಇಂದಿಗೂ ಮರ್ಮೆಲಾದ ಎಂದರೆ ಚಾಕುವಿನಿಂದ ಕತ್ತರಿಸುವಷ್ಟು ಗಟ್ಟಿಯಾದ ಕ್ವಿನ್ಸ್ ಹಲ್ವ. ಜರ್ಮನರ ಆಡುಮಾತಿನಲ್ಲಿ ಯಾವ ಹಣ್ಣಿನ ಜಾಮ್ ಆದರೂ ಮಾರ್ಮೆಲಾಡೆ. ಬ್ರಿಟನ್ನಿನಲ್ಲಿ ಮಾತ್ರ ಅದು ಕಿತ್ತಳೆ ಜಾತಿಯ ಹಣ್ಣನ್ನು ಸಿಪ್ಪೆ ಸಮೇತ ಬೇಯಿಸಿದ್ದು ಎಂದಾಯಿತು. ಸ್ಕಾಟ್ಲೆಂಡಿನ ಡಂಡೀ ಪಟ್ಟಣದಲ್ಲಿ ಕೀಲರ್ ಮನೆತನ 1797ರಲ್ಲಿ ಶುರುಮಾಡಿದ ವ್ಯಾಪಾರ ಆ ಅರ್ಥವನ್ನು ಗಟ್ಟಿಮಾಡಿತು. 1979ರ ಐರೋಪ್ಯ ಸಮುದಾಯದ ನಿಯಮವೂ ಬ್ರಿಟಿಷರ ಅರ್ಥವನ್ನೇ ಎತ್ತಿಹಿಡಿಯಿತು. ಆ ಬ್ರಿಟಿಷ್ ಮಾರ್ಮಲೇಡಿಗೆ ಬೇಕಾದ ಹಣ್ಣು ಸ್ಪೇನಿನ ಸೆವಿಲ್‌ನಿಂದ ಬರುವ ಕಹಿ ಕಿತ್ತಳೆ. ಸಿಪ್ಪೆಯ ಒಳಗಿನ ಬಿಳಿ ಭಾಗದಲ್ಲೂ ಬೀಜದಲ್ಲೂ ಪೆಕ್ಟಿನ್ ಹೇರಳವಾಗಿರುವುದರಿಂದ ಪಾಕ ತಾನಾಗಿಯೇ ಗಟ್ಟಿಯಾಗುತ್ತದೆ. ಕೊಡಗಿನಲ್ಲಿ ಇಂಗ್ಲಿಷ್ ತೋಟಗಾರರ ಬಂಗಲೆಗಳಿದ್ದ ಕಾಲದಿಂದ ಮಾರ್ಮಲೇಡ್ ಎಂಬ ಪದಾರ್ಥ ಇಲ್ಲಿಯವರಿಗೆ ಹೊಸದಲ್ಲ; ಅದಕ್ಕೆ ತಕ್ಕ ಹಣ್ಣು ಹಿತ್ತಲಿನಲ್ಲೇ ಇತ್ತು.

ತಯಾರಿಕೆಯ ಬಗ್ಗೆ ಕೇಳಿದಾಗ ತಾಯಿ ಬಿಡಿಸಿ ಹೇಳಿದರು. ಬೀಜ ಮತ್ತು ಬಿಳಿ ತಿರುಳನ್ನು ತೆಳು ಬಟ್ಟೆಯಲ್ಲಿ ಗಂಟುಕಟ್ಟಿ, ಕೊಯ್ದ ಸಿಪ್ಪೆಯ ಜೊತೆ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕುತ್ತಾರೆ. ಮರುದಿನ ಸಿಪ್ಪೆ ಮೆತ್ತಗಾಗುವವರೆಗೆ ಬೇಯಿಸಿ, ಗಂಟನ್ನು ಹಿಂಡಿ, ಆಮೇಲಷ್ಟೇ ಸಕ್ಕರೆ ಹಾಕುತ್ತಾರೆ. ಸಕ್ಕರೆ ಮೊದಲೇ ಬಿದ್ದರೆ ಸಿಪ್ಪೆ ಬೇಯದೆ ಗಡುಸಾಗಿಬಿಡುತ್ತದೆ. ಹದ ನೋಡಲು ಥರ್ಮಾಮೀಟರ್ ಬಳಸುವುದಿಲ್ಲ, ತಣ್ಣಗಿನ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿನಿಂದ ತಳ್ಳುತ್ತಾರೆ, ಸುಕ್ಕುಗಟ್ಟಿದರೆ ಇಳಿಸುತ್ತಾರೆ. ಈ ಪದ್ಧತಿ ಮಡಿಕೇರಿಗೆ ಬಹಳ ಸರಿಯಾದದ್ದು. ಅಡುಗೆ ಪುಸ್ತಕಗಳು ಸುಮಾರು 105 ಡಿಗ್ರಿ ಸೆಲ್ಸಿಯಸ್ ಎನ್ನುವುದು ಸಮುದ್ರಮಟ್ಟದ ಲೆಕ್ಕ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಹಾಗಾಗಿ ಪಾಕದ ಹದವೂ 101ರ ಹತ್ತಿರವೇ ಬಂದುಬಿಡುತ್ತದೆ. ಪುಸ್ತಕದ ಅಂಕಿ ಹಿಡಿದು ಕಾಯುತ್ತ ಕುಳಿತರೆ ಪಾಕ ಸುಟ್ಟು ಕಪ್ಪಾಗುತ್ತದೆ. ಈ ಬಾಟಲಿಯ ಪಾಕಕ್ಕೆ ಜೋನಿಬೆಲ್ಲದ ತಿಳಿಯಂಥ ಬಣ್ಣ ಉಳಿದಿರುವುದರ ಗುಟ್ಟು ಇದೇ ಇರಬೇಕು.

ಹಳದಿ ಮುಚ್ಚಳದ ಬಾಟಲಿಗೆ ನಾರಂಗಿ ಎಂಬ ಹೆಸರು ಬೇಡವೆನ್ನಲು ನನಗೆ ಇನ್ನೊಂದು ಕಾರಣವೂ ಇದೆ, ಅದು ಮೊದಲಿನದಕ್ಕಿಂತ ದೊಡ್ಡದು. ಕೊಡಗಿನ ಕಿತ್ತಳೆ ಎಂಬುದು ತಾನೇ ಒಂದು ಹೆಸರು. 2005–06ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ದೊರೆಯಿತು. ಹಸಿರು ಮಿಶ್ರಿತ ಹಳದಿ ಬಣ್ಣ, ತಿರುಳಿಗೆ ಅಂಟಿಕೊಂಡಂತಿರುವ ಬಿಗಿ ಸಿಪ್ಪೆ, ಸಿಹಿಯೊಳಗೆ ಹುಳಿ, ಕೊಯ್ದ ಮೇಲೂ ಬಹಳ ದಿನ ಬಾಳುವ ಗುಣ, ಇವು ಅದನ್ನು ನಾಗಪುರದ ಹಣ್ಣಿನಿಂದ ಬೇರೆಮಾಡುತ್ತವೆ. ಒಂದು ಕಾಲದಲ್ಲಿ ಕಾಫಿ ತೋಟಗಳಲ್ಲಿ ಕಾಫಿಯ ಜೊತೆಜೊತೆಗೇ ಆದಾಯ ಕೊಡುತ್ತಿದ್ದ ಈ ಮರಗಳು, ಎಲೆ ಹಳದಿಯಾಗಿ ಕಾಯಿ ಸಣ್ಣದಾಗಿ ಮರವೇ ಸೊರಗುವ ಗ್ರೀನಿಂಗ್ ರೋಗದಿಂದ ಅಪಾರವಾಗಿ ನಾಶವಾದವು. ಚಿಗುರೆಲೆಯ ರಸ ಹೀರುವ ಸಿಲ್ಲಿಡ್ ಎಂಬ ಸಣ್ಣ ಕೀಟ ಆ ರೋಗದ ಬ್ಯಾಕ್ಟೀರಿಯವನ್ನು ಮರದಿಂದ ಮರಕ್ಕೆ ಒಯ್ಯುತ್ತದೆ, ಬಂದ ಮೇಲೆ ಗುಣಪಡಿಸುವ ಮದ್ದಿಲ್ಲ. ರೋಗವಿಲ್ಲದ ಗಿಡಗಳನ್ನು ಬೆಳೆಸಿಕೊಡುವ ಕೆಲಸ ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದಂಥ ಕಡೆಗಳಲ್ಲಿ ನಡೆಯುತ್ತ ಬಂದಿದ್ದರೂ, ಇಂದು ಮಡಿಕೇರಿಯ ರಸ್ತೆ ಬದಿಯಲ್ಲಿ ಪ್ರವಾಸಿಗಳು ಕೊಳ್ಳುವ ಕಿತ್ತಳೆ ಕೊಡಗಿನದೇ ಎಂದು ಹೇಳಲಾಗದ ಸ್ಥಿತಿ ಬಂದಿದೆ. ಹೀಗಿರುವಾಗ, ಪರಿಚಯದ ತೋಟದಿಂದ ನಿಜವಾದ ಕೊಡಗಿನ ಕಿತ್ತಳೆಯನ್ನೇ ತಂದು ಬಾಟಲಿ ತುಂಬುವ ಅಂಗಡಿಯವರು ಆ ಹೆಸರನ್ನು ಮುಚ್ಚಿಟ್ಟು, ಯಾವ ಊರಿನ ಹಣ್ಣಿಗೂ ಅಂಟಬಹುದಾದ ನಾರಂಗಿ ಎಂಬ ಪದವನ್ನು ಬರೆಯುವುದು ನೋವಿನ ಸಂಗತಿ. ಭೌಗೋಳಿಕ ಗುರುತಿನ ಹೆಸರನ್ನು ವ್ಯಾಪಾರಕ್ಕೆ ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು ಎಂಬ ತೊಡಕು ಇದೆ. ಅವರು ಆ ಕಾರಣಕ್ಕೇ ಹಿಂಜರಿದಿರಬಹುದು. ಆದರೂ ಅದು ಮಾಡಲು ತಕ್ಕ ಕೆಲಸ.

ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಅಂಗಡಿಯಲ್ಲಿ ನಾರಂಗಿ ಸ್ಕ್ವಾಷ್ ಎಂಬ ಬಾಟಲಿಯೂ ಇದೆ. ಅದು ಕಿತ್ತಳೆಯದ್ದು, ಸಕ್ಕರೆ ವಿಪರೀತ, ಶಿಫಾರಸು ಮಾಡಲಾರೆ. ಒಣಗಿಸಿದ ಕೈಪುಳಿ ಸಿಪ್ಪೆಯ ಪೊಟ್ಟಣ ಚೆನ್ನಾಗಿದೆ, ಸಾರಿಗೆ ಒಂದು ಚೂರು ಹಾಕಿದರೂ ಪರಿಮಳ ಏಳುತ್ತದೆ. ಮಾರ್ಮಲೇಡಿನ 250 ಗ್ರಾಂ ಬಾಟಲಿಗೆ ನಾನು ಕೊಟ್ಟದ್ದು 220 ರೂಪಾಯಿ, ಎರಡಕ್ಕೂ ಒಂದೇ ದರ. ಕೈಪುಳಿಯ ಕೆಲಸ ಹೆಚ್ಚು, ಆದ್ದರಿಂದ ಆ ದರ ಕಡಿಮೆಯೇ. ಬಾಟಲಿಯ ಮುಚ್ಚಳ ಬಿಗಿಯಾಗಿದೆ, ತಯಾರಿಸಿದ ದಿನಾಂಕ ಸ್ಪಷ್ಟವಾಗಿದೆ, ದೂರದ ಪ್ರಯಾಣಕ್ಕೆ ರಟ್ಟಿನ ಪೆಟ್ಟಿಗೆಯಲ್ಲಿ ಸುತ್ತಿ ಕೊಡುತ್ತಾರೆ. ಅಂಚೆಯಲ್ಲಿ ಕಳಿಸುವ ವ್ಯವಸ್ಥೆ ಇಲ್ಲ. ಕೊಳ್ಳುವ ಮೊದಲು ರುಚಿ ನೋಡಲು ಕೇಳಿದರೆ ಸಂತೋಷದಿಂದ ಕೊಡುತ್ತಾರೆ, ಹಾಗೆ ನೋಡಿಯೇ ಕೊಳ್ಳುವುದು ಕ್ಷೇಮ.

ಚೀಟಿಯ ವಿಷಯವನ್ನು ತಾಯಿಯವರ ಬಳಿ ಪ್ರಸ್ತಾಪಿಸಿದೆ. ಹಸಿರು ಮುಚ್ಚಳದ್ದಕ್ಕೆ ದೊಡ್ಡದಾಗಿ 'ಕೈಪುಳಿ' ಎಂದೂ ಅದರ ಕೆಳಗೆ 'ಕಹಿ ನಾರಂಗಿ ಮಾರ್ಮಲೇಡ್' ಎಂದೂ, ಹಳದಿಯದಕ್ಕೆ 'ಕಿತ್ತಳೆ ಜಾಮ್' ಎಂದೂ ಬರೆಯಬಹುದಲ್ಲ ಎಂದಾಗ ಅವರು, "ಕೈಪುಳಿ ಅಂದ್ರೆ ಹೊರಗಿನವ್ರಿಗೆ ಅರ್ಥ ಆಗೋದಿಲ್ಲ ಅಂತ ಇಷ್ಟು ದಿನ ಹಾಕ್ಲಿಲ್ಲ. ಮುಂದಿನ ಸಲ ಚೀಟಿ ಅಚ್ಚು ಹಾಕಿಸುವಾಗ ನೋಡುವ" ಎಂದರು. ಹೊಸ ಚೀಟಿ ಬರುವವರೆಗೆ ಕೊಳ್ಳುವವರು ಮುಚ್ಚಳದ ಬಣ್ಣ ನೋಡಿ ಆರಿಸಿಕೊಳ್ಳಲಿ: ಕಹಿ ಸೇರುವವರಿಗೆ ಹಸಿರು, ಸೇರದವರಿಗೆ ಹಳದಿ. ಮಾರ್ಚ್ ಕಳೆದ ಮೇಲೆ ಹೋಗುವವರು ಕೈಪುಳಿಯದ್ದು ಉಳಿದಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅದನ್ನು ಕಡಿಮೆ ಮಾಡುತ್ತಾರೆ, ಬೇಗ ಮುಗಿಯುತ್ತದೆ.